ಮೂವತ್ತೊಂದರ ಮಗಳು

ಆಫೀಸಿನವರು ನನ್ನ ಮಗಳಿಗೆ ತಕರಾರು ಎಂದು ಹೆಸರಿಟ್ಟಿದ್ದಾರೆ. ನನಗೇನೂ ಬೇಜಾರಿಲ್ಲ, ತಕರಾರು ತೆಗೆಯುವುದಕ್ಕೇ ಅವಳಿಗೆ ಸಂಬಳ. ಪ್ರೋಗ್ರಾಮ್ ಬರೆಯುವವರ ಮಾತನ್ನು ಡೇಟಾಬೇಸಿಗೆ ತಿಳಿಯುವ ಪ್ರಶ್ನೆಯಾಗಿ ಬದಲಿಸಿಕೊಡುವ ಸಾಫ್ಟ್‌ವೇರ್ ಒಂದಿದೆಯಂತೆ. ತಾರೀಖು, ವೇಳೆ ಹಿಡಿದು ಕೇಳಿದರೆ ಅದು ಸರಿಯಾಗಿ ಹುಡುಕಿಕೊಡುತ್ತದೆಯೇ ಎಂದು ಇವಳು ಪರೀಕ್ಷಿಸಬೇಕು.

ಆ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮುಖ ಊದಿಸಿ ಕೂತಿದ್ದಳು. ಸಂಜೆ ಆ ಸಾಫ್ಟ್‌ವೇರ್ ಆಸ್ಪತ್ರೆಗಳಿಗೆ ಹೋಗುವುದಿತ್ತು. ಆಯಾ ತಿಂಗಳು ಹುಟ್ಟಿದ ಮಕ್ಕಳನ್ನು ಲಸಿಕೆಗೆ ಕರೆಯುವುದು ಇನ್ನು ಅದನ್ನೇ ನಂಬಿಕೊಂಡು.

"ತಿಂಗಳ ಕೊನೇ ದಿನದಲ್ಲಿ ಏನೋ ಎಡವಟ್ಟಿದೆ ಅಮ್ಮ. ಟೆಸ್ಟೆಲ್ಲಾ ಪಾಸಾಗ್ತಿವೆ. ತಪ್ಪು ತೋರಿಸು, ಇಲ್ಲಾಂದ್ರೆ ಸುಮ್ನಿರು ಅಂತಾರೆ ನಮ್ಮ ಟೀಮ್ ಲೀಡು."

ಅಷ್ಟರಲ್ಲಿ ಅವಳಪ್ಪ ಬಾಗಿಲಲ್ಲಿ ತಲೆ ಹಾಕಿದರು. "ನಿನ್ನ ಹುಟ್ಟುಹಬ್ಬಕ್ಕೆ ಮೂವತ್ತನೇ ತಾರೀಖು ರಜ ಹಾಕ್ತಿದೀನಿ."

"ಮೂವತ್ತೊಂದು," ಎಂದೆ. ಈ ಜಗಳಕ್ಕೆ ನನ್ನ ಮಗಳಷ್ಟೇ ವಯಸ್ಸು.

"ಮೂವತ್ತರ ರಾತ್ರಿ ಹನ್ನೆರಡೂವರೆ ಕಣೇ."

"ಹೆತ್ತವಳು ನಾನು. ಹನ್ನೆರಡು ಹೊಡೆದ್ಮೇಲೆ ಮೂವತ್ತೊಂದು."

ಇವರಿಗೆ ಮಲಗಿ ಎದ್ದರೇನೇ ತಾರೀಖು ಬದಲಾಗುವುದು. ನಾನು ಇನ್ನೂ ನಾಲ್ಕು ಮಾತು ಅನ್ನುವವಳಿದ್ದೆ, ಮಗಳು ಕೈ ಎತ್ತಿ ತಡೆದಳು.

"ಹನ್ನೆರಡೂವರೆ... ನನ್ನ ಟೆಸ್ಟಲ್ಲಿ ಯಾವ ಮಗುಗೂ ಗಂಟೆನೇ ಹಾಕಿಲ್ಲ. ಬರೀ ತಾರೀಖು."

ತನ್ನದೇ ಹುಟ್ಟಿದ ತಾರೀಖು, ಗಂಟೆ ತುಂಬಿದಳು. ಒಂದರಿಂದ ಮೂವತ್ತೊಂದರವರೆಗೆ ಹುಟ್ಟಿದವರು ಯಾರು ಎಂದು ಕೇಳಿದಳು. ಟೆಸ್ಟ್ ಫೇಲಾಗಿ ಪರದೆ ಕೆಂಪಾಯಿತು.

"ಅಮ್ಮ, ನಾನು ಹುಟ್ಟೇ ಇಲ್ಲ."

ನಗುತ್ತಲೇ ಅಂದಳು, ನಾನು ಮಾತ್ರ ಬಿಡ್ತು ಅನ್ನು ಎಂದು ಗದರಿದೆ. ಗಂಟೆ ಹೇಳದೆ ಮೂವತ್ತೊಂದರವರೆಗೆ ಅಂದರೆ, ಆ ದಿನ ಶುರುವಾಗುವ ಕ್ಷಣಕ್ಕೇ ಅದು ನಿಂತುಬಿಡುತ್ತಿತ್ತಂತೆ. ಆಮೇಲೆ ಆ ದಿನವಿಡೀ ಹುಟ್ಟಿದ ಮಕ್ಕಳೆಲ್ಲ ಲೆಕ್ಕದಿಂದ ಹೊರಗೆ. ಗಂಟೆ ಹಾಕದ ಮಗು ಸರಿಯಾಗಿ ಆ ಕ್ಷಣಕ್ಕೇ ಹುಟ್ಟಿದಂತೆ ಲೆಕ್ಕವಂತೆ, ಅದಕ್ಕೇ ಇವಳ ಟೆಸ್ಟೆಲ್ಲಾ ಪಾಸಾಗುತ್ತಿದ್ದದ್ದು.

"ಆ ಮಕ್ಕಳನ್ನ ಲಸಿಕೆಗೆ ಯಾರೂ ಕರೀತಾನೇ ಇರ್ಲಿಲ್ಲ," ಎನ್ನುತ್ತ ಫೋನ್ ತೆಗೆದಳು. ಈ ಸಲ ಲೀಡು ಸುಮ್ಮನಿರು ಅನ್ನಲಿಲ್ಲ. ಕಳಿಸುವುದನ್ನು ಅಲ್ಲಿಗೇ ನಿಲ್ಲಿಸಿದರು. ಇವಳು ಹೇಳಿದಂತೆ, ಮುಂದಿನ ತಿಂಗಳು ಶುರುವಾಗುವ ತನಕ ಎಂದು ತಿದ್ದಿದರು. ಅವಳು ಮತ್ತೆ ಟೆಸ್ಟ್ ಓಡಿಸಿದಳು. ಹಸಿರು ಬಂತು.

ಹೌದು, ತಕರಾರೇ. ನಾನು ಹೆತ್ತ ತಕರಾರು. ಹೆಮ್ಮೆಯಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಈಗ ಹುಟ್ಟಿದ್ಯಾ?" ಎಂದೆ.

"ಹುಟ್ಟಿದೀನಿ ಅಮ್ಮ. ಮೂವತ್ತೊಂದಕ್ಕೆ."

ಅವಳಪ್ಪ ಕನ್ನಡಕ ಏರಿಸಿಕೊಂಡು ಪರದೆಯತ್ತ ಬಗ್ಗಿ ನೋಡಿದರು.

"ಸರಿ, ರಜ ಒಂದಿನ ಮುಂದೆ ಹಾಕ್ತೀನಿ."