ತಿದ್ದುಪಡಿಗೆ ಕಟ್ಟು ಹಾಕಿಸಿದ್ದು

ನವೆಂಬರಿನಲ್ಲಿ ರಾಜ್ಯದ ಮತದಾರರು ಓಟು ಹಾಕಿ ತಮ್ಮ ರಾಜ್ಯದ ಸಂವಿಧಾನದಿಂದ ಒಂದು ಸಾಲನ್ನು ಕಿತ್ತುಹಾಕಿದರು. ಗುಲಾಮಗಿರಿ ಕೂಡದು, ಆದರೆ ಅಪರಾಧಿಗೆ ಶಿಕ್ಷೆಯಾಗಿ ಕೂಡೀತು ಎನ್ನುತ್ತಿದ್ದ ಆ ಸಾಲಿಗೆ ನೂರೈವತ್ತು ವರ್ಷವಾಗಿತ್ತು. ಇನ್ನು ಮುಂದೆ ಕೈದಿಯನ್ನೂ ಬಲವಂತವಾಗಿ ದುಡಿಸುವಂತಿಲ್ಲ. ರಾಜಧಾನಿಯಲ್ಲಿ ಭಾಷಣಗಳಾದವು, ಕಣ್ಣೊರೆಸಿಕೊಂಡದ್ದೂ ಆಯಿತು. ತಿದ್ದುಪಡಿಗೆ ಚೆಂದದ ಕಟ್ಟು ಹಾಕಿಸಿ ಶಾಸನಸಭೆಯ ಗೋಡೆಗೆ ತೂಗುಹಾಕುವುದೆಂದು ತೀರ್ಮಾನವಾಯಿತು. ಸರ್ಕಾರದ ಮರಗೆಲಸವೆಲ್ಲ ಜೈಲಿನಲ್ಲೇ ಆಗಬೇಕೆಂಬುದು ಹಳೆಯ ನಿಯಮ. ಅದನ್ನು ತಿದ್ದಲು ಯಾರಿಗೂ ನೆನಪಾಗಿರಲಿಲ್ಲ. ಹಾಗಾಗಿ ಆರ್ಡರು ನೇರವಾಗಿ ವರ್ನೆಲ್ ಪ್ರೂಯಿಟ್‌ನ ಮುಂದೆ ಬಂದು ಬಿತ್ತು.

ವರ್ನೆಲ್ ಹತ್ತೊಂಬತ್ತು ವರ್ಷದಿಂದ ಆ ಜೈಲಿನ ಬಡಗಿ. ಅವನಿಗೆ ಶಿಕ್ಷೆ ಕೊಟ್ಟ ನ್ಯಾಯಾಧೀಶರು ಈಗ ಒರಗುವ ಕುರ್ಚಿಯೂ ಅವನ ಕೈಯದೇ.

ಜೈಲಿನ ಅಧಿಕಾರಿ ಲೆಫ್ಟಿನೆಂಟ್ ಹಸ್ಕಿ ಕಾಗದವೊಂದನ್ನು ಚಾಚಿದ. "ಸ್ವಂತ ಇಷ್ಟದಿಂದ ಕೆಲಸ ಮಾಡ್ತೀನಿ ಅಂತ ಸೈನ್ ಹಾಕಪ್ಪ."

"ಬಲವಂತವಾ ಸರ್?"

"ಛೆ ಛೆ, ಆ ಮಾತೇ ಆಡ್ಬೇಡ! ಅದೀಗ ಕಾನೂನಿಗೆ ವಿರುದ್ಧ."

"ಹಾಗಾದ್ರೆ ಮಾಡಲ್ಲ."

ಪಕ್ಕದ ಗರಗಸ ನಿಂತಿತು. ಹಸ್ಕಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಮಾಡಲ್ಲ ಅನ್ನೋಕೆ ಇದರಲ್ಲಿ ಜಾಗನೇ ಇಲ್ವಲ್ಲೋ!"

ಆಮೇಲೆ ದನಿ ತಗ್ಗಿಸಿ ಹೇಳಿದ: "ನಿನ್ನಿಷ್ಟ. ಕೆಲಸ ಮಾಡದವರಿಗೆ ಭಾನುವಾರದ ಭೇಟಿ ಇಲ್ಲ, ಅಷ್ಟೆ. ಶಿಕ್ಷೆ ಅಲ್ಲ ಮತ್ತೆ. ಭೇಟಿ ಅನ್ನೋದು ಬಹುಮಾನ. ಬಹುಮಾನ ಕೊಡದೇ ಇದ್ರೆ ಶಿಕ್ಷೆ ಹೇಗಾಗುತ್ತೆ?"

ವರ್ನೆಲ್‌ನ ಹೆಂಡತಿ ಒಡೆಸ್ಸಾ ಎರಡು ವಾರಕ್ಕೊಮ್ಮೆ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬರುತ್ತಿದ್ದಳು. ಸಿಗುವುದು ಎರಡೇ ಗಂಟೆ. ಭೇಟಿಕೋಣೆಯಲ್ಲಿ ತಿಂಡಿ ಮಾರುವ ಯಂತ್ರಕ್ಕೆ ಚಿಲ್ಲರೆ ಹಾಕಿ, ರಬ್ಬರಿನಂಥ ಕೋಳಿರೆಕ್ಕೆ ಕೊಂಡು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದರು. ಆದರೆ ಬೇಸಿಗೆಯಿಡೀ ಈ ತಿದ್ದುಪಡಿಗೆ ಓಟು ಕೇಳುತ್ತ ಮನೆಮನೆ ಅಲೆದು ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿಕೊಂಡವಳೂ ಅವಳೇ.

"ಹೆಂಡ್ತಿ ಮುಖ ಬಿಟ್ಟು ಸಂವಿಧಾನದ ಮುಖ ನೋಡ್ತೀಯೇನೋ ಮುದುಕಾ?" ಎಂದ, ಅವನ ಜೊತೆ ಒಂದೇ ಸೆಲ್ಲಿನಲ್ಲಿರುವ ಡೂಲಿ.

"ಸೈನ್ ಹಾಕಿದ್ಮೇಲೆ ಅವಳ ಮುಖ ಹೇಗೋ ನೋಡ್ಲಿ?"

ಡೂಲಿಗೆ ಅಂಥ ತೊಡಕಿರಲಿಲ್ಲ. ಒಂದು ಡಬ್ಬಿ ಕಾಫಿಪುಡಿಗೆ ಸೈನ್ ಹಾಕಿದ. ಅವನು ಮಾಡಿದ ಕಟ್ಟಿನ ಮೂಲೆಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡಿದ್ದವು. ಸಂದಿಗೆ ಗೋಂದು, ಮರದ ಹೊಟ್ಟು ಮೆತ್ತಿದ. ಸ್ವಾತಂತ್ರ್ಯಕ್ಕೆ ಅಷ್ಟು ಸಾಕೆಂದು ಮೇಲಿನವರು ಒಪ್ಪಿದರು.

ಭಾನುವಾರ ಬಂತು. ಸೆಲ್ಲಿನ ಕಿಂಡಿಯಿಂದ ವರ್ನೆಲ್ ನೋಡುತ್ತಿದ್ದ. ಒಡೆಸ್ಸಾಳ ಕೆಂಪು ಕಾರು ನಿಂತಿತು. ಗೇಟಿನವನು ಇಲ್ಲವೆಂದು ಕೈ ಅಲ್ಲಾಡಿಸಿದ. ಅವಳು ಸೊಂಟದ ಮೇಲೆ ಕೈಯಿಟ್ಟು ಏನೋ ಕೇಳಿದಳು. ಅವನು ಮತ್ತೆ ಕೈ ಅಲ್ಲಾಡಿಸಿದ. ಅವಳು ಕಾರಿನ ಕಡೆ ನಡೆದಳು.

ಹೋಗಿಬಿಟ್ಟಳು ಎಂದುಕೊಂಡ. ಆದರೆ ಅವಳು ಹಿಂದಿನ ಸೀಟಿನಿಂದ ಬುತ್ತಿ ತೆಗೆದು, ಬಾನೆಟ್ಟಿನ ಮೇಲೆ ಹತ್ತಿ ಕುಳಿತಳು. ಮೂರನೆಯ ಮಹಡಿ, ನೀರಿನ ಟ್ಯಾಂಕಿನಿಂದ ಏಳನೆಯ ಕಿಂಡಿ ಎಂದು ಅವನು ಎಂದೋ ಕಾಗದದಲ್ಲಿ ಬರೆದದ್ದನ್ನು ಅವಳು ಮರೆತಿರಲಿಲ್ಲ. ನೇರ ಅತ್ತ ನೋಡಿ, ಮನೆಯಲ್ಲಿ ಕರಿದ ಕೋಳಿಕಾಲೊಂದನ್ನು ಎತ್ತಿ ತೋರಿಸಿ, ಕಚ್ಚಿದಳು.

ಅರ್ಧ ಗಂಟೆಯಲ್ಲಿ ಹಸ್ಕಿ ಏದುಸಿರು ಬಿಡುತ್ತ ಬಂದ.

"ನಿನ್ನ ಹೆಂಡ್ತಿಗೆ ಹೋಗು ಅಂತ ಕೈ ಮಾಡೋ ಮಾರಾಯ! ಕಟ್ಟು ತಗೊಂಡು ಹೋಗೋಕೆ ಶಾಸಕರು ಬರ್ತಿದಾರೆ, ಜೊತೆಗೆ ಟಿವಿಯವ್ರು. ನಾವು ಎಳೆದು ಹಾಕಿದ್ರೆ ಅದೇ ಸುದ್ದಿ ಆಗುತ್ತೆ."

"ಬಲವಂತವಾ ಸರ್?"

ಹಸ್ಕಿ ಹಲ್ಲು ಕಚ್ಚಿದ. "ಇಲ್ಲಪ್ಪ. ಕೇಳ್ಕೊಳ್ತಿದೀನಿ."

"ಹಾಗಾದ್ರೆ ಫಾರ್ಮ್ ತನ್ನಿ ಸರ್, ಓದಿ ನೋಡ್ತೀನಿ. ಮಾಡಲ್ಲ ಅನ್ನೋಕೂ ಜಾಗ ಇರೋದು ತನ್ನಿ."

ವರ್ನೆಲ್ ಕಿಂಡಿಯ ಕಡೆ ತಿರುಗಿದ. ಕೆಳಗೆ ಒಡೆಸ್ಸಾ ಎರಡನೆಯ ತುಂಡಿಗೆ ಕೈ ಹಾಕಿದ್ದಳು. ಭೇಟಿಯ ಹೊತ್ತು ಮುಗಿಯಲು ಇನ್ನೂ ಒಂದೂವರೆ ಗಂಟೆಯಿತ್ತು.