ಅಟ್ಟದ ಮೇಲಿನ ವೈವಾ

ದಂಡಿನಶಿವರದ ಆಚೆಯ ಆ ತೋಟದ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವ ಜಾಗ ಒಂದೇ, ಅದು ಅಟ್ಟ. ಅಟ್ಟದಲ್ಲೂ ಎಲ್ಲೆಂದರಲ್ಲಿ ಅಲ್ಲ. ಕೊಬ್ಬರಿಗೆಂದು ವರ್ಷದಿಂದ ಕೂಡಿಟ್ಟ ಕಾಯಿರಾಶಿಯ ನೆತ್ತಿಯ ಮೇಲೆ, ಬೆಳಕಿಂಡಿಗೆ ಮೂಗು ತಾಗಿಸಿ ಕೂತರೆ ಮಾತ್ರ. ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವ ಶಿಲ್ಪ ತನ್ನ ದೂರಶಿಕ್ಷಣದ ಎಂ.ಎ. ಪಾಠವನ್ನೆಲ್ಲ ಅಲ್ಲೇ ಕೂತು ಕೇಳಿದ್ದಳು. ಡೇರಿ ಮುಗಿಸಿ, ಮುದ್ದೆ ತೊಳಸಿ, ಹಸುಗಳಿಗೆ ಹುಲ್ಲು ಹಾಕಿ, ಆಮೇಲೆ ಉಳಿದ ಹೊತ್ತೇ ಅವಳ ಕಾಲೇಜು. ಪುಸ್ತಕ ತೆರೆದರೆ ಸಾಕು, ನಿದ್ದೆ ಕಾದು ಕೂತಿರುತ್ತಿತ್ತು.

ಇವತ್ತು ಫೋನಿನಲ್ಲೇ ವೈವಾ, ಕೊನೆಯ ಮೌಖಿಕ ಪರೀಕ್ಷೆ. ಹೋದ ವರ್ಷ ಡೇರಿಯ ಆಡಿಟ್ ಅಡ್ಡ ಬಂದು ತಪ್ಪಿತ್ತು. ಈ ಸಲವೂ ತಪ್ಪಿದರೆ ಡಿಗ್ರಿ ಕೈಬಿಟ್ಟ ಹಾಗೆಯೇ. ಬಸ್‌ಸ್ಟಾಂಡಿನಲ್ಲಿ ಸಿಗ್ನಲ್ ಧಾರಾಳ, ಆದರೆ ಹಾರನ್ನೂ ಊರವರ ಯೋಗಕ್ಷೇಮ ವಿಚಾರಣೆಯೂ ಅಷ್ಟೇ ಧಾರಾಳ. ಹಾಗಾಗಿ ಇಸ್ತ್ರಿ ಮಾಡಿದ ಸೀರೆಯುಟ್ಟು ಏಣಿ ಹತ್ತಿದಳು. ಈ ಓದಿನ ವಿಷಯ ಅತ್ತೆಗೆ ಗೊತ್ತಿತ್ತು, ಮಾವ ತಿಪ್ಪಯ್ಯನವರಿಗೆ ಮಾತ್ರ ಹೇಳಿರಲಿಲ್ಲ. ಈ ವಯಸ್ಸಿನಲ್ಲಿ ಓದಿ ಯಾವ ಕಚೇರಿ ಆಳಬೇಕು ಎಂದುಬಿಟ್ಟಾರು ಎಂಬ ಭಯ.

ಕರೆಗೆ ಕಾಯುತ್ತಿದ್ದಾಗ ಕೆಳಗೆ ದುರ್ಗಯ್ಯನ ದನಿ ಕೇಳಿಸಿತು. ಕಾಯಿ ಸುಲಿಯುವ ಆಳುಗಳನ್ನು ಕಟ್ಟಿಕೊಂಡು ಬಂದಿದ್ದ. ಕೊಬ್ಬರಿ ರೇಟು ಏರಿದೆಯೆಂದು ಮಾವನೇ ಬರಹೇಳಿದ್ದರಂತೆ. ಇವರು ಹತ್ತಿ ಕಾಯಿ ಎಸೆಯತೊಡಗಿದರೆ ವೈವಾ ಹಾಗಿರಲಿ, ಕೂರಲು ರಾಶಿಯೇ ಉಳಿಯುವುದಿಲ್ಲ. ಶಿಲ್ಪ ಅಟ್ಟದ ಹಲಗೆಗಳ ಸಂದಿಯಲ್ಲಿ ಇಣುಕಿದಳು.

ಅತ್ತೆ ಭೈರಮ್ಮ ಏಣಿಗೆ ಅಡ್ಡ ನಿಂತಿದ್ದರು. ಸೊಸೆ ಸಿಂಗರಿಸಿಕೊಂಡು ಅಟ್ಟ ಹತ್ತಿದ್ದನ್ನು ಕಂಡವರು ಅವರೊಬ್ಬರೇ. ಏಣಿಯ ಬುಡಕ್ಕೆ ಉರುಳಿದ್ದ ಕಾಯೊಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು. ನೀರು ಇಂಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಗಡಗಡ ಎನ್ನುತ್ತದೆ. ಈ ಕಾಯಿಯ ಗಡಗಡ ಅಟ್ಟಕ್ಕೂ ಕೇಳಿಸಿತು.

"ಇನ್ನೂ ನೀರೈತೆ," ಅಂದರು ಭೈರಮ್ಮ, ಮುಖ ಒಂಚೂರೂ ಅಲುಗಿಸದೆ.

ತಿಪ್ಪಯ್ಯ ಕಾಯಿ ಇಸಕೊಂಡರು. ಯಾರ ಮನೆಯ ಅಟ್ಟವಾದರೂ ಸರಿ, ಅಲ್ಲಾಡಿಸಿ ಹದ ಹೇಳಲು ಊರವರು ಕರೆಯುವುದು ಅವರನ್ನೇ. ಅಲ್ಲಾಡಿಸಿದರು. ಹೆಂಡತಿಯ ಮುಖ ನೋಡಿದರು. ಆಮೇಲೆ ತಲೆಯೆತ್ತಿದರು, ಸಂದಿಯಲ್ಲಿ ಸೀರೆಯ ಅಂಚು ಇಳಿಬಿದ್ದಿತ್ತು.

"ಹೂಂ ಕಣ್ಲಾ ದುರ್ಗ, ನೀರೈತೆ. ಟೀ ಕುಡೀರಿ, ಆಮ್ಯಾಕೆ ನೋಡಾನ."

ದುರ್ಗಯ್ಯನೇನು ಕಿವುಡನಲ್ಲ. ಆದರೂ ಟೀ ಎಂದ ಮೇಲೆ ವಾದಕ್ಕಿಳಿಯಲಿಲ್ಲ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಡೇರಿಗೆ ಹಾಲು ಹಾಕುವ ಹೆಂಗಸರ ಬಗ್ಗೆ ಅವಳು ಮಾಡಿದ್ದ ಪ್ರಾಜೆಕ್ಟನ್ನು ಪರೀಕ್ಷಕರು ಕೆದಕಿ ಕೆದಕಿ ಕೇಳಿದರು. ಉತ್ತರಿಸುವ ಹುರುಪಿನಲ್ಲಿ ಕೈಬೀಸಿದಾಗ ರಾಶಿ ಜಾರಿ, ಕಾಯಿಗಳು ದಡದಡ ಉರುಳಿದವು. ಅದೇನು ಸದ್ದೆಂದು ಅವರು ಗಾಬರಿಯಾದರು. ಕೂತಿರುವ ಜಾಗವನ್ನು ಇದ್ದಂತೆ ಹೇಳಿಬಿಟ್ಟಳು. ಪರೀಕ್ಷಕರು ಮನಸಾರೆ ನಕ್ಕರು, ಆದರೆ ಪ್ರಶ್ನೆಗಳನ್ನೇನೂ ಕಡಿಮೆ ಮಾಡಲಿಲ್ಲ. ಕೊನೆಗೆ ಪಾಸು ಎಂದರು.

ಇಳಿದು ಬಂದಾಗ ಸೀರೆಯ ತುಂಬ ಧೂಳು, ಕಾಯಿನಾರು. ಮಾವ ಜಗಲಿಯ ಮೇಲೆ ಅದೇ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಆಯ್ತೇನವ್ವಾ?"

"ಪಾಸಾದೆ ಮಾವ," ಎಂದಳು. ಈ ಮನುಷ್ಯನಿಗೆ ಹೆದರಿ ಇಷ್ಟು ದಿನ ಸುಮ್ಮನಿದ್ದೆನಲ್ಲ ಅನಿಸಿತು.

ತಿಪ್ಪಯ್ಯ ಕಾಯಿಯನ್ನು ಕಿವಿಯ ಬಳಿ ಹಿಡಿದು ನಿಧಾನಕ್ಕೆ ಅಲ್ಲಾಡಿಸಿದರು.

"ಈಗ ಒಣಗೈತೆ ನೋಡು. ಲೇ ದುರ್ಗ, ಹತ್ತಲಾ ಅಟ್ಟ."