ಶೆಡ್ಡಿನಲ್ಲಿ ಬೇರೂರಿದ ಕಾರು

"ಹೆಂಗಸು ಬಿಚ್ಚಿದ ಬ್ರೇಕನ್ನ ನಂಬಿ ಯಾರಮ್ಮ ಗಾಡಿ ಓಡಿಸ್ತಾರೆ?" ಎಂದು ನನ್ನ ಗಂಡನ ಅಣ್ಣ, ಭಾವ ನಕ್ಕರು. ಬೇರೆಯವರ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ಗಾಡಿಗಳ ಕೆಳಗೆ ಮಲಗಿ ದುಡಿದವಳು ನಾನು. ನಾನು ಜೋಡಿಸಿದ ಬ್ರೇಕು ತುಳಿದೇ ಊರಿನ ಅರ್ಧ ಗಂಡಸರು ಕ್ಷೇಮವಾಗಿ ಮನೆ ಸೇರುತ್ತಿದ್ದಾರೆ. ಅದು ಅವರಿಗೆ ಗೊತ್ತಿಲ್ಲ, ಅಷ್ಟೆ.

ಮನೆ ಪಕ್ಕದ ಶೆಡ್ಡಿನಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿಕೋ ಎಂದು ಅತ್ತೆಯೇ ಹೇಳಿದ್ದರು. ಮುರಿದ ಮಂಚ, ತೂತು ಬಕೆಟ್ಟುಗಳನ್ನೆಲ್ಲ ಹೊರಗೆಸೆದೆ. ನೆಲ ತಿಕ್ಕಿದೆ. ಗೋಡೆಗೆ ಹಲಗೆ ಹೊಡೆದು ಸ್ಪ್ಯಾನರ್‌ಗಳನ್ನು ತೂಗುಹಾಕಿದೆ. ಮಾರನೆಯ ಬೆಳಿಗ್ಗೆ ನೋಡಿದರೆ, ಯಾವಾಗಲೂ ಬೀದಿಯಲ್ಲಿ ನಿಲ್ಲುತ್ತಿದ್ದ ಭಾವನ ಕಾರು ಶೆಡ್ಡಿನ ನಟ್ಟನಡುವೆ ನಿಂತಿತ್ತು.

"ಬಿಸಿಲಿಗೆ ಬಣ್ಣ ಹೋಗುತ್ತೆ," ಎಂದರು ಮಹಡಿಯಿಂದಲೇ. ಈ ಬಿಸಿಲು ಇಷ್ಟು ವರ್ಷ ಎಲ್ಲಿತ್ತೋ!

"ಕೆಲಸ ಮಾಡೋಕೆ ಜಾಗ ಬೇಡ್ವಾ ಭಾವ?"

"ಕುಣಿಯೋಕೆ ಬಾರದವಳಿಗೆ ನೆಲ ಡೊಂಕಂತೆ."

ಗಂಡನನ್ನು ಕೇಳಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ. "ನೀನು ಹೇಳೋದೂ ಸರಿ, ಅಣ್ಣ ಹೇಳೋದೂ ಸರಿ." ನನಗೆ ಮೈಯೆಲ್ಲ ಉರಿಯಿತು. ಗಾಡಿ ನಿಲ್ಲಿಸಲು ಜಾಗವಿಲ್ಲದ ವರ್ಕ್‌ಶಾಪಿಗೆ ಯಾವ ಗಿರಾಕಿ ಬರುತ್ತಾನೆ?

ಒಂದು ಬೆಳಿಗ್ಗೆ ಕಸ ಗುಡಿಸುವಾಗ ಹಿಂದಿನ ಚಕ್ರದ ಕೆಳಗೆ ಒದ್ದೆ ಕಂಡಿತು. ಬೆರಳಿಟ್ಟು ನೋಡಿದೆ. ಬ್ರೇಕ್ ಆಯಿಲ್. ಸೋರುತ್ತಿದೆ, ಬ್ರೇಕು ಹಿಡಿಯೋಲ್ಲ, ಗಾಡಿ ತೆಗೀಬೇಡಿ ಎಂದೆ.

"ಶುರುವಾಯ್ತು ನಿನ್ನ ನಾಟಕ," ಎಂದರು ಭಾವ, ಕೀ ಹಿಡಿದು ಹೊರಟವರು. ಅವರ ಹೆಂಡತಿಯನ್ನು, ನಾನು ಅಕ್ಕ ಎನ್ನುವ ಓರಗಿತ್ತಿಯನ್ನು, ತವರಿಗೆ ಬಿಟ್ಟುಬರಬೇಕಿತ್ತು. ನಾನು ಅಕ್ಕನನ್ನೇ ಕರೆದು ಒದ್ದೆ ನೆಲ ತೋರಿಸಿದೆ. ಅಕ್ಕ ಗಂಡನ ಕೈಯಿಂದ ಕೀ ಕಿತ್ತು ನನಗೆ ಕೊಟ್ಟಳು.

"ಇವಳು ರಿಪೇರಿ ಮಾಡಿದ್ರೆ ನಾನು ಹತ್ತೋದು. ಇಲ್ಲಾಂದ್ರೆ ನೀವೊಬ್ರೇ ಹೋಗಿ."

ಚಕ್ರ ಬಿಚ್ಚಿದೆ. ಒಳಗೆ ಆಯಿಲ್ ತಡೆಯುವ ರಬ್ಬರು ಹರಿದಿತ್ತು, ಹೊಸದು ಹಾಕಿದೆ. ಆಮೇಲೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಅದು ಒಬ್ಬರ ಕೈಲಾಗುವ ಕೆಲಸವಲ್ಲ. ನಾನು ಕೆಳಗೆ ಸ್ಕ್ರೂ ಸಡಿಲಿಸಿ ಬಿಗಿಯುವಾಗ ಇನ್ನೊಬ್ಬರು ಮೇಲೆ ಕೂತು ಪೆಡಲ್ ತುಳಿಯಬೇಕು.

"ಭಾವ, ಹತ್ತಿ. ತುಳೀರಿ. ಹಾಗೇ ಹಿಡ್ಕೊಳ್ಳಿ. ಬಿಡಿ ಅನ್ನೋವರೆಗೂ ಬಿಡಬೇಡಿ."

ತುಳಿದರು. ಹಿಡಿದರು. ಬಿಡಿ ಅಂದಾಗ ಬಿಟ್ಟರು. ಈ ಮನೆಗೆ ಬಂದಾಗಿನಿಂದ ಭಾವ ನನ್ನ ಮಾತು ಕೇಳಿದ್ದು ಅದೇ ಮೊದಲು. ಸುಳ್ಳೇಕೆ ಹೇಳಲಿ, ಬೇಕಿದ್ದಕ್ಕಿಂತ ಎರಡು ಸಲ ಹೆಚ್ಚೇ ತುಳಿಸಿದೆ.

ಬೀದಿಯಲ್ಲಿ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಓಡಿಸಿ, ಬ್ರೇಕು ಒತ್ತಿದೆ. ಕಾರು ಗಕ್ಕನೆ ನಿಂತಿತು. ಭಾವನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.

ಗೇಟಿನ ಹೊರಗೆ ಕೀ ಕೊಟ್ಟು ಹೇಳಿದೆ: "ಯಾವ ವರ್ಕ್‌ಶಾಪಲ್ಲಾದ್ರೂ ಒಂದೇ ಪದ್ಧತಿ ಭಾವ. ಕೆಟ್ಟ ಗಾಡಿ ಒಳಗೆ, ರಿಪೇರಿಯಾದ ಗಾಡಿ ಹೊರಗೆ."

"ಇದು ನಮ್ಮನೆ ಶೆಡ್ಡು ಕಣಮ್ಮ."

"ಧಾರಾಳವಾಗಿ ಒಳಗೆ ತನ್ನಿ. ಕೆಟ್ಟಿದೆ ಅಂದ್ಕೊಂಡು ಬಿಚ್ತೀನಿ. ನಾಲ್ಕೂ ಚಕ್ರ."

ಅಕ್ಕ ಕಿಸಕ್ಕನೆ ನಕ್ಕು ಕಾರು ಹತ್ತಿದಳು. ಸಂಜೆ ವಾಪಸು ಬಂದ ಭಾವ, ಶೆಡ್ಡಿನ ಕಡೆ ಒಮ್ಮೆ ನೋಡಿ, ಕಾರನ್ನು ಬೀದಿಯಲ್ಲೇ ನಿಲ್ಲಿಸಿ ಮಹಡಿ ಹತ್ತಿದರು.

ಅಷ್ಟು ಹೊತ್ತಿಗೆ ನನ್ನ ಗಂಡ ಇಣುಕಿದ. "ಅಂತೂ ಜಾಗ ಸಿಕ್ತಾ?"

"ಸಿಗ್ಲಿಲ್ಲ," ಎಂದೆ. "ತಗೊಂಡೆ."